ಹೆಸರು, ವಯಸ್ಸು, ಊರು

ಹಾರ್ಲೋ ಮಿಲ್ಸ್, ನ್ಯೂ ಹ್ಯಾಂಪ್‌ಶೈರ್
ಫೆಬ್ರವರಿ 10, ಶನಿವಾರ

ನನ್ನ ಪ್ರೀತಿಯ ಕೊರಿನ್,

ಹೇಗಿದ್ದೀಯ ಕಂದ? ಕೆಮ್ಮು ಇಳಿಯಿತೇ? ನಿನ್ನ ಎರಡು ಪತ್ರಗಳೂ ಬಂದಿವೆ. ಎರಡು ವಾರ ಉತ್ತರ ಬರೆಯದೆ ಕೂತದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ಬೈಸಿಕೊಳ್ಳುತ್ತೇನೆ. ಫೋನು ಮಾಡಿ ಮಾಡಿ ಸಾಕಾಯಿತು ಎಂದು ಬರೆದಿದ್ದೀಯ. ಅದು ಕೆಟ್ಟಿಲ್ಲ, ನಾನೇ ತಂತಿ ಕಿತ್ತು ಮೇಜಿನ ಡ್ರಾಯರಿನಲ್ಲಿ ಹಾಕಿದ್ದೇನೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳು.

ಮೊದಲು ಊರಿನ ಸುದ್ದಿ. ನಾಲ್ಕು ವರ್ಷಕ್ಕೊಮ್ಮೆ ಈ ಊರಿಗೆ ಹುಚ್ಚು ಹಿಡಿಯುವುದು ನಿನಗೆ ಗೊತ್ತೇ ಇದೆ. ಬರುವ ಮಂಗಳವಾರ ಮತದಾನ, ಪಕ್ಷದ ಅಭ್ಯರ್ಥಿ ಯಾರೆಂದು ಆರಿಸಲು ಇಡೀ ದೇಶದಲ್ಲಿ ಮೊದಲು ಮತ ಹಾಕುವವರು ನಾವೇ. ಅಧ್ಯಕ್ಷರಾಗಲು ಹೊರಟಿರುವ ಏಳು ಜನರೂ, ಪಕ್ಷದ ಉಮೇದುವಾರಿಕೆ ಮೊದಲು ನಮ್ಮ ಕೈಯಿಂದಲೇ ಸಿಗಬೇಕೆಂದು ನಮ್ಮ ಹೋಟೆಲಿನ ಮೊಟ್ಟೆ ತಿಂದು, ಚೆನ್ನಾಗಿದೆ ಎಂದು ಸುಳ್ಳು ಹೇಳಿ ಹೋದರು. ಸ್ಟಾವ್ರೋಸ್ ಪ್ರತಿಯೊಬ್ಬರ ಹೆಗಲ ಮೇಲೂ ಕೈ ಹಾಕಿಕೊಂಡು ಫೋಟೋ ತೆಗೆಸಿ ಗೋಡೆಗೆ ಹೊಡೆದಿದ್ದಾನೆ. ಯಾರು ಗೆದ್ದರೂ ಹೋಟೆಲಿನ ಯಜಮಾನ ಅವರ ಪಕ್ಕದಲ್ಲಿ ಇರಬೇಕಲ್ಲ! ಕೌಂಟರಿನಲ್ಲಿ ಬೆಳಗಿನಿಂದ ಆರ್ಮಾಂಡನ ದರ್ಬಾರು. ನಿನಗೆ ನೆನಪಿರಬೇಕು, ಮೂವತ್ತು ವರ್ಷ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು, ಈಗ ನಿವೃತ್ತ.

"ಮೂರು ಸಲ ಕೈ ಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು ನೋಡದೇ ನಾನು ಯಾರಿಗೂ ವೋಟು ಹಾಕೋನಲ್ಲ," ಎಂದು ಆರ್ಮಾಂಡ್ ಕೊಚ್ಚಿಕೊಳ್ಳುತ್ತಿದ್ದ.

"ಮತ್ತೆ ಹೆಂಡ್ತೀನ ಹೆಂಗಯ್ಯಾ ಒಂದೇ ಸಲ ನೋಡಿ ಒಪ್ಕೊಂಡೆ?" ಎಂದ ಸ್ಟಾವ್ರೋಸ್.

"ಅವಳು ನನ್ನನ್ನ ಮೂರು ಸಲ ನೋಡಿದ್ಲು. ಅಲ್ಲಿ ವೋಟು ಅವಳದ್ದು."

ಆರ್ಮಾಂಡ್ ಗವರ್ನರ್ ಪ್ರಾಟ್ ಕಡೆಯವನು. "ಗಟ್ಟಿ ಮನುಷ್ಯ, ಹೇಳಿದ್ದು ಮಾಡ್ತಾನೆ. ಆ ಸೆನೆಟರಮ್ಮ ಲಿಂಡ್‌ಹೋಮ್ ಬಾಯಿ ತೆಗೆದ್ರೆ ನಂಗೆ ಮೂರನೇ ಕ್ಲಾಸಿನ ಟೀಚರ್ ಜ್ಞಾಪಕ ಬಂದು ಈಗ್ಲೂ ಬೆವರು ಬರುತ್ತೆ," ಎನ್ನುತ್ತಾನೆ. ಕಿಟಕಿ ಪಕ್ಕದ ಮೇಜುಗಳಲ್ಲಿ ಕೂರುವ ಶಾಲೆಯ ಹೆಂಗಸರೆಲ್ಲ ಲಿಂಡ್‌ಹೋಮ್ ಕಡೆ. ನಾನು ಎರಡರ ನಡುವೆ ಕಾಫಿ ಹಿಡಿದು ಓಡಾಡುತ್ತ ಬಾಯಿ ಮುಚ್ಚಿಕೊಂಡಿದ್ದೆ. ಮುಚ್ಚಿಕೊಂಡೇ ಇದ್ದಿದ್ದರೆ ಈ ಪತ್ರ ಬರೆಯುವ ಪಾಡು ಇರುತ್ತಿರಲಿಲ್ಲ.

ಮೂರು ವಾರದ ಕೆಳಗೆ ಗವರ್ನರ್ ಪ್ರಾಟ್ ಬಂದಿದ್ದರು. ಸುತ್ತ ಕ್ಯಾಮೆರಾ, ಜನ. ನಾನು ಕಪ್ಪಿಗೆ ಕಾಫಿ ಬಗ್ಗಿಸಲು ಹೋದೆ. ಅವರು ಯಾರಿಗೋ ತೆರಿಗೆಯ ವಿಷಯ ವಿವರಿಸುತ್ತಿದ್ದರು. ನನ್ನ ಮುಖ ನೋಡದೆಯೇ ಮಣಿಕಟ್ಟು ಹಿಡಿದು ತಡೆದರು. ತಡೆದವರು ಬಿಡಲಿಲ್ಲ, ಮಾತು ಮುಗಿಯುವವರೆಗೂ ಹಾಗೇ ಹಿಡಿದುಕೊಂಡಿದ್ದರು. ನೋವೇನೂ ಆಗಲಿಲ್ಲ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ಮರೆತೇ ಬಿಡುತ್ತಿದ್ದರು. ನಾನು ಒಳಗೆ ಹೋಗಿ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತುಂಬಾ ಹೊತ್ತು ನಿಂತೆ. ನಿನ್ನ ಅಪ್ಪನೂ ಹೀಗೇ ಹಿಡಿಯುತ್ತಿದ್ದದ್ದು. ತನ್ನ ಮಾತು ಮುಗಿಯುವವರೆಗೂ ನಾನು ಅಲ್ಲಾಡುವ ಹಾಗಿರಲಿಲ್ಲ. ಅಲ್ಲಾಡಿದ ಎರಡು ಸಲ ಮೂಳೆ ಮುರಿದದ್ದು ನಿನಗೂ ಗೊತ್ತು. ಆಸ್ಪತ್ರೆಯಲ್ಲಿ ಮೆಟ್ಟಿಲಿನಿಂದ ಬಿದ್ದೆ ಎಂದು ನಾನು ಹೇಳುವಾಗ ನೀನು ನನ್ನ ಲಂಗ ಹಿಡಿದು ನಿಂತಿದ್ದೆ.

ಮಾರನೇ ಬೆಳಿಗ್ಗೆ ಪತ್ರಿಕೆಯ ಒಬ್ಬಳು ವರದಿಗಾರ್ತಿ ಬಂದಳು. ನಿನ್ನ ವಯಸ್ಸಿನವಳೇ, ಒದ್ದೆ ಬೂಟು, ಕೆಂಪು ಮೂಗು. "ಮತದಾರರ ಅಭಿಪ್ರಾಯ ಕೇಳ್ತಿದೀವಿ ಮೇಡಂ. ನಿಮಗೆ ಯಾರು ಸರಿ ಅನ್ಸುತ್ತೆ?" ಎಂದಳು. ಐವತ್ತನಾಲ್ಕು ವರ್ಷದಲ್ಲಿ ನನ್ನ ಅಭಿಪ್ರಾಯ ಕೇಳಿ, ಪೆನ್ನು ಹಿಡಿದು ಕಾದು ನಿಂತವರು ಯಾರೂ ಇರಲಿಲ್ಲ ಕಣೇ. ಹಿಂದಿನ ದಿನದ ಉರಿ ಇನ್ನೂ ಆರಿರಲಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ: "ನಾನು ಭಾಷಣ ಕೇಳಲ್ಲಮ್ಮ, ಕಾಫಿ ಬಗ್ಗಿಸೋವಾಗ ಅವರ ಕೈ ನೋಡ್ತೀನಿ. ಲಿಂಡ್‌ಹೋಮ್ ಕಪ್ಪನ್ನ ನನ್ನ ಕಡೆ ಸರಿಸಿದ್ರು. ಪ್ರಾಟ್ ನನ್ನ ಕೈ ಹಿಡ್ಕೊಂಡೇ ಮಾತು ಮುಗಿಸಿದ್ರು. ಮಾತು ಮುಗಿಯೋವರೆಗೂ ಹೆಂಗಸಿನ ಕೈ ಬಿಡದೋನು, ದೇಶ ಕೈಗೆ ಸಿಕ್ರೆ ಬಿಡ್ತಾನಾ?"

ಅವಳ ಕಣ್ಣು ಅರಳಿತು. "ನಿಮ್ಮ ಹೆಸರು?" ಎಂದಳು.

"ಹೋಟೆಲಿನ ಹೆಂಗಸು ಅಂತ ಬರ್ಕೋ ಸಾಕು."

"ಆಗಲ್ಲ ಮೇಡಂ. ಹೆಸರು, ವಯಸ್ಸು, ಊರು ಮೂರೂ ಇಲ್ದಿದ್ರೆ ನಮ್ಮ ಸಂಪಾದಕರು ಹಾಕೋದೇ ಇಲ್ಲ. ನಾನೇ ಕಟ್ಟಿ ಬರೆದೆ ಅಂತಾರೆ."

ಆಗ ನಾನು ಒಳಗೆ ಹೋಗಿಬಿಡಬೇಕಿತ್ತು. ನಿನ್ನ ಅಪ್ಪನಿಂದ ತಪ್ಪಿಸಿಕೊಂಡು ಬಂದ ಮೇಲೆ ಹತ್ತೊಂಬತ್ತು ವರ್ಷ ಟಪಾಲನ್ನೂ ಹೋಟೆಲಿನ ವಿಳಾಸಕ್ಕೆ ತರಿಸಿಕೊಂಡವಳು ನಾನು, ಫೋನ್ ಡೈರೆಕ್ಟರಿಯಲ್ಲಿ ಹೆಸರು ಬರಲು ಬಿಡದವಳು. ಆ ಒಂದು ನಿಮಿಷ ಮಾತ್ರ, ಹೆಸರಿಲ್ಲದೆ ಹೇಳಿದ ಮಾತು ನನ್ನದೇ ಅಲ್ಲ ಎನಿಸಿತು. ವೆಲ್ಮಾ ಪ್ರೂಯಿಟ್, ಐವತ್ತನಾಲ್ಕು, ಹಾರ್ಲೋ ಮಿಲ್ಸ್. ಹೇಳಿದೆ. ಕಾಫಿ ಜಗ್ಗು ಹಿಡಿದ ಫೋಟೋ ತೆಗೆಯಲೂ ಬಿಟ್ಟೆ, ಕೂದಲು ಸರಿಮಾಡಿಕೊಂಡು.

ಎರಡು ದಿನದಲ್ಲಿ ಅದು ನಮ್ಮ ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಬೇರೆ ರಾಜ್ಯಗಳ ಪತ್ರಿಕೆಗಳೂ ಎತ್ತಿಕೊಂಡವಂತೆ. ಹೋಟೆಲಿನಲ್ಲಿ ಹಬ್ಬ, ಜೊತೆಗೇ ಜಗಳ. ಆರ್ಮಾಂಡ್ ಪತ್ರಿಕೆಯನ್ನು ಕೌಂಟರಿಗೆ ಬಡಿದು, "ಏನೇ ವೆಲ್ಮಾ, ಕೈ ಹಿಡಿದಿದ್ದಕ್ಕೆ ಒಂದು ರಾಜ್ಯ ಆಳಿದೋನನ್ನ ಹಿಂಗಾ ತೊಳೆಯೋದು?" ಎಂದ.

"ಕಪ್ಪು ತೊಳೆಯೋಳು ಕಣಯ್ಯಾ, ಸಿಕ್ಕಿದ್ದೆಲ್ಲ ತೊಳೀತೀನಿ," ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಮರುದಿನದಿಂದ ಹೋಟೆಲಿಗೆ ಬೈಗುಳದ ಕರೆಗಳು. ಸ್ಟಾವ್ರೋಸ್, ಗೋಡೆಯ ಮೇಲಿನ ಪ್ರಾಟ್ ಅವರ ಫೋಟೋವನ್ನು ನಾನಿರುವಾಗ ಗೋಡೆ ಕಡೆ ತಿರುಗಿಸುವುದು, ಪ್ರಾಟ್ ಕಡೆಯವರು ಬಂದರೆ ಮತ್ತೆ ಮುಂದಕ್ಕೆ ತಿರುಗಿಸುವುದು. ಕೂಗಾಡುವವರಿಗೆ ನಾನು ಹೆದರಲಿಲ್ಲ. ನನ್ನ ಮನೆಯ ಫೋನಿಗೂ ಕರೆ ಬರತೊಡಗಿತು. ಅದರಲ್ಲಿ ಬೈಗುಳವಿರಲಿಲ್ಲ. ಯಾರೋ ಸುಮ್ಮನೆ ಉಸಿರಾಡಿ ಇಟ್ಟುಬಿಡುತ್ತಿದ್ದರು. ಮೂರನೇ ಸಲಕ್ಕೆ ಗುರುತು ಸಿಕ್ಕಿತು. ಆ ಉಸಿರಿನ ಪಕ್ಕದಲ್ಲಿ ಹನ್ನೊಂದು ವರ್ಷ ಮಲಗಿದವಳು ನಾನು. ತಂತಿ ಕಿತ್ತೆ.

ಮೊನ್ನೆ ಗುರುವಾರ, ಬೆಳಗಿನ ಹತ್ತು ಗಂಟೆಗೆ, ನಿನ್ನ ಅಪ್ಪ ಡ್ವೇನ್ ಬಂದ.

ಕಿಟಕಿಯ ಪಕ್ಕ ಟೊಪ್ಪಿ ತೆಗೆದು ಕೂತಿದ್ದ. ಬಡಕಲಾಗಿದ್ದಾನೆ, ಕೂದಲೆಲ್ಲ ಬಿಳಿ. ಯಾರೋ ಪಾಪದ ಮುದುಕ ಎಂದುಕೊಂಡು ಜಗ್ಗು ಹಿಡಿದು ಹತ್ತಿರ ಹೋದೆ. ಮುಖ ಎತ್ತಿದ. ಅವನೇ. ಆದರೂ ಒಂದು ಹನಿ ಚೆಲ್ಲದೆ ಕಾಫಿ ಬಗ್ಗಿಸಿದೆ, ಅದೊಂದು ಹೆಮ್ಮೆ ನನಗಿರಲಿ. ಅವನು ಜೇಬಿನಿಂದ ಪತ್ರಿಕೆಯ ತುಣುಕು ತೆಗೆದು ಮೇಜಿನ ಮೇಲೆ ಹರವಿ, ಬೆರಳಿನಿಂದ ಮಡಿಕೆಗಳನ್ನು ನೇವರಿಸಿದ.

"ಪೇಪರಲ್ಲೆಲ್ಲ ಬರ್ತಿದೀಯಲ್ಲೇ ವೆಲ್ಮಾ," ಎಂದ. ಅದೇ ಮೆತ್ತನೆಯ ಧ್ವನಿ. "ಪ್ರಾಟ್ ಒಳ್ಳೇ ಮನುಷ್ಯ. ಮುಟ್ಟಿದ್ದೆಲ್ಲ ಹೊಡೆತ ಅನ್ಸೋದು ನಿನ್ನ ಹಳೇ ಚಾಳಿ, ಪಾಪ ಅವನದ್ದೇನು ತಪ್ಪು?"

"ಏನ್ ಬೇಕು ನಿಂಗೆ?"

"ಏನೂ ಬೇಡಪ್ಪ. ಹೊಳೆಯಾಚೆ ರೂಮು ತಗೊಂಡಿದೀನಿ. ನಿಮ್ಮೂರಿನ ವೋಟಿಂಗ್ ಚೆನ್ನಾಗಿರುತ್ತಂತಲ್ಲ, ನೋಡ್ಕೊಂಡು ಹೋಗ್ತೀನಿ." ನಕ್ಕ. ನನ್ನನ್ನು ಮುಟ್ಟಲಿಲ್ಲ. ನನ್ನ ಮಣಿಕಟ್ಟನ್ನು ಮಾತ್ರ ನೋಡುತ್ತಿದ್ದ.

ಆಗ ಆರ್ಮಾಂಡ್ ತನ್ನ ಕಪ್ಪು ಎತ್ತಿಕೊಂಡು ಬಂದು, ಯಾರೂ ಕರೆಯದಿದ್ದರೂ ಡ್ವೇನ್ ಎದುರಿಗೆ ಧೊಪ್ಪನೆ ಕೂತ. "ಹೊಸಬರು ಅನ್ಸುತ್ತೆ! ನಿಮ್ಮ ವೋಟು ಯಾರಿಗೆ? ಪ್ರಾಟ್‌ಗಾ? ಹಂಗಾದ್ರೆ ನಮ್ಮೋರೇ!" ಎಂದವನು ತೆರಿಗೆಯಿಂದ ಶುರುಮಾಡಿ ಹಿಮದ ಲಾರಿಗಳ ಬ್ಲೇಡಿನವರೆಗೆ ಒಂದು ಗಂಟೆ ಉಸಿರು ಬಿಡದೆ ಕೊರೆದ. ಡ್ವೇನ್ ಏಳಹೋದರೆ ಕೋಟಿನ ತೋಳು ಹಿಡಿದು ಕೂರಿಸುತ್ತಿದ್ದ. ಕೊನೆಗೆ ಅವನು ಕೊಸರಿಕೊಂಡು ಎದ್ದುಹೋದ. ಆರ್ಮಾಂಡ್ ನನ್ನ ಹತ್ತಿರ ಬಂದು, "ಅವನು ಯಾರು ಅಂತ ನಾನು ಕೇಳಲ್ಲ. ನೀನು ಬಲಗೈನ ಎಡಗೈಯಲ್ಲಿ ಮುಚ್ಕೊಂಡು ನಿಂತಿದ್ದೆ, ಅಷ್ಟು ಸಾಕು. ನನ್ನ ವೋಟು ಮಾತ್ರ ಪ್ರಾಟ್‌ಗೇ, ತಿಳ್ಕೋ," ಎಂದ. ಆಮೇಲೆ ನಾನು ಉಗ್ರಾಣದಲ್ಲಿ ಹಿಟ್ಟಿನ ಚೀಲದ ಮೇಲೆ ಕೂತು ಅತ್ತೆ.

ಹೆದರಿಕೆ ಎಂದರೆ ಏನೆಂದು ಮರೆತಿದ್ದೆ ಕೊರಿನ್. ಈಗ ಸ್ನಾನಕ್ಕೆ ಹೋದರೂ ಕಿವಿ ಬಾಗಿಲ ಕಡೆಗೇ. ಇನ್ನೊಂದು ತೊಡಕಿದೆ. ಇಲ್ಲಿ ಮತ ಹಾಕುವಾಗ ಮತದಾರರ ಪಟ್ಟಿಯ ಮುಂದೆ ನಿಂತು ಹೆಸರು ಹೇಳಬೇಕು, ಮನೆ ಯಾವ ಬೀದಿ ಎಂದು ಹೇಳಬೇಕು, ಕೂತವರು ಅದನ್ನು ಗಟ್ಟಿಯಾಗಿ ತಿರುಗಿ ಹೇಳುತ್ತಾರೆ. ನೋಡಲು ಬಂದವರಿಗೆ ಪಕ್ಕದಲ್ಲೇ ಬೆಂಚು. ಡ್ವೇನ್ ಅಲ್ಲಿ ಬಂದು ಕೂರುತ್ತಾನೆ, ನನಗೆ ಗೊತ್ತು.

"ಬಿಟ್ಬಿಡು ವೆಲ್ಮಾ, ಒಂದು ವೋಟಿಗೋಸ್ಕರ ಜೀವ ಕೊಡ್ತೀಯಾ?" ಎಂದ ಸ್ಟಾವ್ರೋಸ್. ರಾತ್ರಿಯೆಲ್ಲ ಯೋಚಿಸಿದೆ. ಡ್ವೇನ್ ನನ್ನಿಂದ ಕಿತ್ತುಕೊಂಡದ್ದು ಬೇಕಾದಷ್ಟಿದೆ, ಇದನ್ನು ಕೊಡಲಾರೆ. ಹೋಗುತ್ತೇನೆ. ಆರ್ಮಾಂಡ್ ಮತ್ತು ಅವನ ಹಳೆಯ ಲಾರಿ ಗೆಳೆಯರು ಏಳು ಜನ ಸಾಲಿನಲ್ಲಿ ನನ್ನ ಹಿಂದೆ ಮುಂದೆ ನಿಂತು, ನನ್ನ ಸರದಿ ಬಂದಾಗ ಜೋರಾಗಿ ಜಗಳವಾಡುತ್ತಾರಂತೆ, ನನ್ನ ಬೀದಿಯ ಹೆಸರು ಬೆಂಚಿಗೆ ಕೇಳಿಸದ ಹಾಗೆ. ಎಲ್ಲರೂ ಪ್ರಾಟ್ ಕಡೆಯವರೇ! ಅವರ ಕಾವಲಿನಲ್ಲಿ ನಾನು ಪ್ರಾಟ್ ವಿರುದ್ಧ ಮತ ಹಾಕುವುದು. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅಲ್ಲಿಂದ ನೇರ ಊರು ಬಿಡುತ್ತೇನೆ. ಬಟ್ಟೆ ಕಟ್ಟಿಯಾಗಿದೆ. ಯಾರ ಗಾಡಿ, ಯಾವ ರಸ್ತೆ ಎಂದು ಇಲ್ಲಿ ಬರೆಯುವುದಿಲ್ಲ.

ಚಳಿಯಲ್ಲಿ ಹೊರಗೆ ಹೋಗುವಾಗ ಎದೆ ಮುಚ್ಚಿಕೋ. ಊಟ ಬಿಡಬೇಡ. ಒಳ್ಳೆಯ ಕೆಲಸ, ಒಳ್ಳೆಯ ಜೊತೆ, ಹೆದರಿಕೆಯಿಲ್ಲದ ಮನೆ ನಿನಗಿರಲಿ. ನನಗೆ ಸಿಗದೆ ಹೋದದ್ದೆಲ್ಲ ನಿನ್ನ ಪಾಲಿಗೆ ಬರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ.

ಇಂತಿ ನಿನ್ನ
ಅಮ್ಮ

ಇನ್ನೊಂದು ಮಾತು: ಇದನ್ನು ಬರೆಯಬಾರದು ಎಂದುಕೊಂಡು ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಡ್ವೇನ್ ಮೇಜಿನ ಮೇಲೆ ಹರವಿದ ತುಣುಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ನೋಡೇ ಕೊರಿನ್, ನಿಮ್ಮಮ್ಮನನ್ನೂ ಒಬ್ಬರು ಅಭಿಪ್ರಾಯ ಕೇಳಿದರು!" ಅದು ನನ್ನ ಅಕ್ಷರ. ನಾನು ಕತ್ತರಿಸಿದ್ದು ಒಂದೇ ತುಣುಕು, ಕಳಿಸಿದ್ದು ನಿನಗೊಬ್ಬಳಿಗೆ.

ಎಷ್ಟು ದಿನದಿಂದ ಅವನಿಗೆ ಬರೆಯುತ್ತಿದ್ದೀಯ ಎಂದು ಕೇಳುವುದಿಲ್ಲ. ಅವನು ಅತ್ತಿರಬೇಕು, ಕಾಯಿಲೆ ಎಂದಿರಬೇಕು, ಬದಲಾಗಿದ್ದೇನೆ ಎಂದಿರಬೇಕು. ನನಗೂ ಎಷ್ಟು ಸಲ ಹಾಗೆಂದಿಲ್ಲ, ನಾನೂ ಎಷ್ಟು ಸಲ ನಂಬಿಲ್ಲ! ನಿನಗೂ ಒಬ್ಬ ಅಪ್ಪ ಬೇಕೆನಿಸಿದ್ದರೆ ಅದು ತಪ್ಪಲ್ಲ. ನನಗೆ ಸಿಟ್ಟಿಲ್ಲ ಕಂದ, ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು.

ಈ ಪತ್ರವನ್ನು ಬುಧವಾರವೇ ಡಬ್ಬಿಗೆ ಹಾಕಬೇಕೆಂದು ಸ್ಟಾವ್ರೋಸನಿಗೆ ಹೇಳಿದ್ದೇನೆ, ಮಂಗಳವಾರ ಕಳೆದ ಮೇಲೆ. ನಾನು ಹೋಗುವ ಊರಿನ ಹೆಸರನ್ನು ಇಲ್ಲಿ ಬರೆಯಬೇಕೆಂದು ಎರಡು ಸಲ ಪೆನ್ನು ಎತ್ತಿದೆ. ಬರೆಯಲಾರೆ ಮಗಳೇ. ನಿನ್ನನ್ನು ಕಂಡರೂ ನನಗೀಗ ಹೆದರಿಕೆಯಾಗುತ್ತದೆ.