ಸೀಟು ಇದ್ದ ಜಾಗ

ಪ್ರೀತಿಯ ಆರ್ಡಿತ್,

ನಿನ್ನ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಎಣ್ಣೆಯನ್ನು ನಾನೇ ಬದಲಿಸಿದೆ. ಆಮೇಲೆ ರಿವರ್ಸ್ ಹಾಕಿದರೆ ಇಂಜಿನ್ ಕೂಗಿತೇ ಹೊರತು ಕಾರು ಗ್ಯಾರೇಜಿನಿಂದ ಕದಲಲಿಲ್ಲ.

ಪಕ್ಕದ ಮನೆಯ ವರ್ಲಿನ್ ಬಂದು ನಕ್ಕ. “ಇಂಜಿನ್ ಆಫ್ ಮಾಡಿ ಎಣ್ಣೆ ಅಳೆದ್ಯೇನೋ ಮುದುಕಪ್ಪಾ? ಓಡ್ತಿರುವಾಗ ನೋಡ್ಬೇಕು. ಒಬ್ರು ಒಳಗೆ ಕೂತು ಬ್ರೇಕ್ ತುಳಿದು ಗೇರ್ ಬದಲಾಯಿಸ್ಬೇಕು.”

“ಆ ಕೆಲ್ಸ ನನ್ ಹೆಂಡ್ತಿ ಮಾಡ್ತಿದ್ಲಪ್ಪ,” ಎಂದೆ, ನಿನ್ನನ್ನು ನೆನೆದು.

“ಇವತ್ತು ನಾನೇ ನಿನ್ ಹೆಂಡ್ತಿ, ಬಿಡು,” ಎಂದು ಕೂತ.

ಎಣ್ಣೆ ಕಡಿಮೆಯಿತ್ತು. ಇನ್ನೊಂದು ಬಾಟಲಿ ಸುರಿದ ಮೇಲೆ ಕಾರು ಮೆಲ್ಲಗೆ ಹಿಂದೆ ಸರಿಯಿತು.

ವರ್ಲಿನ್ ಉದ್ದ ಕಾಲಿನವನು. ಸೀಟನ್ನು ಹಿಂದಕ್ಕೆ ತಳ್ಳಿಬಿಟ್ಟಿದ್ದ. ನೀನು ತೀರಿಕೊಂಡಾಗಿನಿಂದ ನೀನು ಇಟ್ಟಿದ್ದ ಜಾಗದಿಂದ ನಾನು ಅದನ್ನು ಸರಿಸಿರಲಿಲ್ಲ, ಮೊಣಕಾಲು ಮಡಚಿಕೊಂಡೇ ಓಡಿಸುತ್ತಿದ್ದೆ. ಅವನು ಹೋದ ಮೇಲೆ ಸೀಟನ್ನು ಮುಂದಕ್ಕೆ ಎಳೆದು ನೋಡಿದೆ. ನೀನು ಅದನ್ನು ಸರಿಯಾಗಿ ಎಲ್ಲಿ ನಿಲ್ಲಿಸುತ್ತಿದ್ದೆಯೋ ಗೊತ್ತಾಗಲಿಲ್ಲ.

ಕಾರೇನೋ ಚೆನ್ನಾಗಿ ಓಡುತ್ತಿದೆ.