ಬಾಜೂಕ ಯಾರೂ ಇರಲಿಲ್ಲ

ಧಾರವಾಡ
ಫೆಬ್ರವರಿ ೩೦, ೨೧೬೧

ಪ್ರೀತಿಯ ಅಪೂರ್ವಾ ಆಯಿ ಅವರಿಗೆ ಶಾಲ್ಮಲಾ ಕಬ್ಬೂರಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದಾರು ದಿನಗಳನ್ನು ವರ್ಷದ ಕೊನೆಯಲ್ಲಿ ಒಟ್ಟುಗೂಡಿಸಿ ರಜೆ ಕೊಡುತ್ತಾರೆ. ನನ್ನ ಕನ್ನಡವೂ ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸೀತು, ಅದಕ್ಕೂ ಕ್ಷಮೆ ಇರಲಿ. ನಿಮ್ಮನ್ನು ಏನೆಂದು ಕರೆಯಬೇಕೆಂದೇ ಅರ್ಧ ದಿನ ತಲೆ ಕೆಡಿಸಿಕೊಂಡೆ. ನೀವು ನನಗಿಂತ ಐದು ತಲೆಮಾರು ಹಿರಿಯರು. ಆದರೆ ನನ್ನ ಕೈಯಲ್ಲಿರುವ ಫೋಟೋದಲ್ಲಿ ನಿಮಗೆ ನನ್ನಷ್ಟೇ, ಇಪ್ಪತ್ತೆರಡು ವರ್ಷ. ಕೊನೆಗೆ ನಮ್ಮ ಮನೆಯಲ್ಲಿ ಅಜ್ಜಿಯರನ್ನು ಕರೆಯುವ ಹಾಗೆ ಆಯಿ ಎಂದೇ ಬರೆದಿದ್ದೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಅದು, ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ ಅವಕಾಶ. ತಲುಪುತ್ತದೆಯೋ ಇಲ್ಲವೋ ಎಂದು ಕೇಳಿದರೆ ಅಂಚೆಯವರೇ ಭುಜ ಹಾರಿಸುತ್ತಾರೆ. ನೀವು ನಾರ್ವೆಗೆ ಹೊರಡುವ ಮುನ್ನವೇ ಸಿಗಲಿ ಎಂದು ತಾರೀಖು ಬರೆಸಿದ್ದೇನೆ.

ನನ್ನ ಕೈಯಲ್ಲಿರುವುದು ನಿಮ್ಮ ಬೂದು ಬಣ್ಣದ ಪುಟ್ಟ ಪುಸ್ತಕ, ಪರದೇಶದಲ್ಲಿ ಗಾಡಿ ಓಡಿಸಲು ನಿಮಗೆ ಇಲ್ಲಿ ಕೊಟ್ಟ ಪರವಾನಗಿ. ಸ್ಟೀಲ್ ಡಬ್ಬಿಯೊಂದರಲ್ಲಿ ಇಷ್ಟು ವರ್ಷ ಉಳಿದುಬಂದಿದೆ. ಅದರ ಕೊನೆಯ ಪುಟದಲ್ಲಿ ಪೆನ್ನಿನಿಂದ ನೀವೇ ಬರೆದ, ನಿಮ್ಮ ಲೆಕ್ಕದಲ್ಲಿ ಇನ್ನೂ ಬರೆಯದ, ಮೂರು ಸಾಲುಗಳಿವೆ: "ಗಾಡಿ ಬಾಡಿಗಿಗೆ ತಗೊಂಡಿದ್ದೆ. ಓಡಿಸಲಿಲ್ಲ. ಬಾಜೂಕ ಯಾರೂ ಇರಲಿಲ್ಲ." ಈ ಮೂರು ಸಾಲುಗಳೇ ಒಂದು ವರ್ಷದಿಂದ ನನ್ನ ನಿದ್ದೆ ಕೆಡಿಸಿವೆ. ಯಾಕೆಂದು ಹೇಳುತ್ತೇನೆ.

ನಮ್ಮ ಕಾಲದಲ್ಲಿ ಇಲ್ಲಿ ಹೆಚ್ಚುಕಡಿಮೆ ಯಾರೂ ಗಾಡಿ ಓಡಿಸುವುದಿಲ್ಲ. ತಾನೋಡಿಗಳಿವೆ, ಅಂದರೆ ತಾವೇ ಓಡುವ ಗಾಡಿಗಳು. ಹತ್ತಿ ಕೂತು ಊರಿನ ಹೆಸರು ಹೇಳಿದರೆ ಆಯಿತು, ಕರೆದೊಯ್ದು ಇಳಿಸುತ್ತವೆ. ಅಪಘಾತವಿಲ್ಲ, ಜಗಳವಿಲ್ಲ, ಗಲಾಟೆಯಿಲ್ಲ. ಮಂದಿ ಒಳಗೇ ಹೆರಳು ಹಾಕಿಕೊಳ್ಳುತ್ತಾರೆ, ಅವರೆಕಾಯಿ ಸುಲಿಯುತ್ತಾರೆ, ಗೊರಕೆ ಹೊಡೆಯುತ್ತಾರೆ. ನನಗೆ ಮಾತ್ರ ಅದರಲ್ಲಿ ಕೂತರೆ ಮೈಯೆಲ್ಲ ಚಡಪಡಿಕೆ. ಹೋದ ತಿಂಗಳು ಕಲಘಟಗಿ ದಾರಿಯಲ್ಲಿ ಒಂದು ನವಿಲು ಗರಿ ಬಿಚ್ಚಿ ನಿಂತಿತ್ತು. ನಿಲ್ಲಿಸು ಎಂದೆ, ಇಲ್ಲಿ ನಿಲುಗಡೆ ಇಲ್ಲ ಎಂದು ವಿನಯದಿಂದ ಹೇಳಿ ತಾನೋಡಿ ಮುಂದೆ ಹೋಯಿತು. ಇಲ್ಲದ ಬ್ರೇಕನ್ನು ಹುಡುಕಿ ನನ್ನ ಬಲಗಾಲು ನೆಲ ಒತ್ತುತ್ತಲೇ ಇತ್ತು. ಅದರ ವಿನಯ ಕಂಡರೆ ನನಗೆ ಮೈ ಉರಿಯುತ್ತದೆ.

ಕೈಯಿಂದ ಓಡಿಸುವ ಗಾಡಿಗೆ ನಾವು ಕೈಯೋಡಿ ಅನ್ನುತ್ತೇವೆ. ಅದನ್ನು ಕಲಿಸುವ ಶಾಲೆ ಈ ಸೀಮೆಯಲ್ಲಿ ಒಂದೇ ಉಳಿದಿದೆ, ಇಮಾಮಸಾಬ ನದಾಫರದು. ನಮ್ಮ ಓಣಿಯ ಹಿಂದಿನ ಮೈದಾನದಲ್ಲಿ ಎರಡು ಹಳೆಯ ಗಾಡಿ, ಹನ್ನೊಂದು ಮಂದಿ ಕಲಿಯುವವರು, ನೆರಳಿಗೊಂದು ಬೇವಿನ ಮರ, ಅಷ್ಟೇ ಶಾಲೆ. ಹದಿನಾರನೇ ವಯಸ್ಸಿನಲ್ಲಿ ನಾನು ಅಲ್ಲಿಗೆ ಹೋದೆ, ಆಮೇಲೆ ಮನೆಗಿಂತ ಹೆಚ್ಚು ಅಲ್ಲೇ ಇದ್ದೆ. ಇಮಾಮಸಾಬರಿಗೆ ಎಪ್ಪತ್ತೆಂಟು, ಕಣ್ಣು ಮಂಜಾಗಿದೆ. ಅವರ ಜಾಗಕ್ಕೆ ಪರವಾನಗಿ ಇರುವ ಇನ್ನೊಬ್ಬರು ಬರದಿದ್ದರೆ ಈ ವರ್ಷದ ಕೊನೆಗೆ ಶಾಲೆಗೆ ಬೀಗ ಬೀಳುತ್ತದೆ. ಬರಬೇಕಾದವಳು ನಾನು. ಬೇರೆ ಯಾರೂ ಇಲ್ಲ.

ಕಲಿಸುವವರ ಪರವಾನಗಿ ಬೇಕಾದರೆ ಸಾಕ್ಷಿಯೋಟ ಮುಗಿಸಬೇಕು. ಕೈಯೋಡಿಗಳು ಇನ್ನೂ ಓಡಾಡುವ ಯಾವುದಾದರೂ ಪರದೇಶಕ್ಕೆ ಹೋಗಿ, ನಮ್ಮ ಪರವಾನಗಿ ತೋರಿಸಿ, ಅಲ್ಲಿನ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಓಡಿಸಬೇಕು. ಪಕ್ಕದಲ್ಲಿ ಆ ಊರಿನ ಒಬ್ಬರು ಸಾಕ್ಷಿಯಾಗಿ ಕೂರುತ್ತಾರೆ. ಅವರು ಒಂದೇ ಒಂದು ಮಾತಿನ ಸಹಾಯ ಮಾಡಿದರೂ ಓಟ ರದ್ದು. ಎರಡೇ ಅವಕಾಶ. ನಾನು ಹೋದ ವರ್ಷ ನಾರ್ವೆಯ ಉತ್ತರದ ಹೆಲ್ಲೋಯ ಎಂಬ ದ್ವೀಪಕ್ಕೆ ಹೋದೆ. ನಿಮ್ಮ ಪುಸ್ತಕದಲ್ಲಿ ನಾರ್ವೆಯ ಹೆಸರು ನೋಡಿಯೇ ಅದನ್ನು ಆರಿಸಿಕೊಂಡಿದ್ದೆ.

ಅಲ್ಲಿ ಗಾಡಿ ಕೊಡುವವನು ನನ್ನ ಪರವಾನಗಿಯನ್ನು ಮೂರು ಸಲ ತಿರುಗಿಸಿ ನೋಡಿದ. ಹೆಸರಿನ ಕನ್ನಡ ಅಕ್ಷರಗಳನ್ನು ಬೆರಳಿನಿಂದ ಸವರಿದ. ವಯಸ್ಸು ಕೇಳಿ ಇನ್ನೆರಡು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಇಪ್ಪತ್ತೈದು ತುಂಬದ ಪರದೇಶದವರೆಂದರೆ ಅಲ್ಲಿ ಇಂದಿಗೂ ಅನುಮಾನವಂತೆ. ನಿಮ್ಮ ಕಾಲದಲ್ಲೂ ಹೀಗೇ ಇತ್ತೇನೋ. ಸಾಕ್ಷಿಗೆ ಬಂದವರು ಸಿಗ್ನೆ ಎಂಬ ಎಪ್ಪತ್ತರ ಹೆಂಗಸು, ಮೊದಲು ಅಂಚೆ ಗಾಡಿ ಓಡಿಸುತ್ತಿದ್ದವರಂತೆ. ಬಾಯಿಗೆ ಬೀಗ ಹಾಕಿದ ಹಾಗೆ ತುಟಿಯ ಮೇಲೆ ಬೆರಳು ತಿರುಗಿಸಿ ನಕ್ಕು, ಪಕ್ಕದಲ್ಲಿ ಕೂತರು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ನನ್ನ ಕೈ ಎಡಕ್ಕೇ ಎಳೆಯುತ್ತಿತ್ತು, ಆದರೂ ಇಪ್ಪತ್ತಾರು ಕಿಲೋಮೀಟರ್ ಸಲೀಸಾಗಿ ಹೋದೆ. ಆಮೇಲೆ ರಸ್ತೆ ಕಿರಿದಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ. ತಿರುವಿನಲ್ಲಿ ಎದುರಿಗೆ ಕುರಿ ತುಂಬಿದ ಲಾರಿ ಬಂತು. ದಾರಿ ಬಿಡಲು ಇರುವ ಜಾಗಗಳಿಗೆ ಅಲ್ಲಿ ನೀಲಿ ಫಲಕ ಹಾಕಿರುತ್ತಾರೆ. ಅಂಥದ್ದು ನನ್ನ ಹಿಂದೆ ಇನ್ನೂರು ಹೆಜ್ಜೆ ದೂರದಲ್ಲಿತ್ತು. ನಾನೇ ಹಿಂದೆ ಹೋಗಬೇಕಿತ್ತು.

ರಿವರ್ಸ್ ಹಾಕಿದೆ, ಮತ್ತು ಕಾದೆ. ಏನಕ್ಕೆ ಕಾಯುತ್ತಿದ್ದೇನೆಂದು ಮೊದಲು ನನಗೇ ತಿಳಿಯಲಿಲ್ಲ. ಧಾರವಾಡದಲ್ಲಿ ನಮ್ಮ ಶಾಲೆಯ ಯಾರಾದರೂ ಗಾಡಿ ಹಿಂದೆ ತಂದರೆ ಪಕ್ಕದವರು ಬರ್ಲಿ, ಬರ್ಲಿ ಎನ್ನಲೇಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ದಾರಿಹೋಕರೇ ನಿಂತು, ಗಾಡಿಯ ಬೆನ್ನು ತಟ್ಟಿ ಹೇಳುತ್ತಾರೆ. ನಿಮ್ಮ ಕಾಲದ್ದೇ ರೂಢಿ ಇರಬೇಕು. ಐದು ವರ್ಷ ಇಮಾಮಸಾಬರು ಪಕ್ಕದಲ್ಲಿ ಕೂತು ಹಾಗೆ ಹೇಳಿದ್ದಾರೆ, ಐದು ವರ್ಷ ನಾನು ಕನ್ನಡಿ ನೋಡಿದ್ದಕ್ಕಿಂತ ಹೆಚ್ಚು ಅವರ ದನಿ ಕೇಳಿದ್ದೇನೆ. ಅವತ್ತು ಸಿಗ್ನೆ ಮಿಸುಕಾಡಲಿಲ್ಲ. ಲಾರಿಯವನು ಎಂಜಿನ್ ಆರಿಸಿ ಬ್ರೆಡ್ಡು ತಿನ್ನತೊಡಗಿದ. ಕುರಿಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಸಿಟ್ಟು, ನಾಚಿಕೆ, ಭಯ ಮೂರೂ ಒಟ್ಟಿಗೆ ಬಂದು ಕೊನೆಗೆ ಗಾಡಿಯನ್ನು ಹಿಂದಕ್ಕೆ ಬಿಟ್ಟೆ. ಕಣ್ಣು ಕನ್ನಡಿಯಲ್ಲಿತ್ತು, ಕಿವಿ ಮಾತ್ರ 'ಸಾಕು' ಎಂಬ ಮಾತಿಗಾಗಿ ಕಾಯುತ್ತಲೇ ಇತ್ತು. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಸಮುದ್ರದ ಕಡೆಯ ಸಡಿಲು ಜಲ್ಲಿಗೆ ಇಳಿಯಿತು. ಸಿಗ್ನೆ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸು ಎಂದರು. ಒಂದೇ ಮಾತು. ಅದರಿಂದ ಇಬ್ಬರ ಜೀವ ಉಳಿಯಿತು, ಓಟ ರದ್ದಾಯಿತು.

ಅವರು ಸುಳ್ಳು ಬರೆಯಬಹುದಿತ್ತು. ಬರೆಯಲಿಲ್ಲ. ಸಂಜೆ ಮನೆಗೆ ಕರೆದು ಕಾಫಿ ಕೊಟ್ಟು, ತಾವೇ ತಪ್ಪು ಮಾಡಿದವರ ಹಾಗೆ ಕೂತಿದ್ದರು. ಅವರ ಮೇಲೆ ಸಿಟ್ಟಾಗಲೂ ನನಗೆ ಆಗಲಿಲ್ಲ.

ಊರಿಗೆ ಬಂದು ಬೇವಿನ ಮರದ ಕೆಳಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಇಮಾಮಸಾಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ತಪ್ಪು ನಂದವ್ವಾ. ನಾ ನಿನಗ ಗಾಡಿ ಕಲಿಸಲಿಲ್ಲ, ನನ್ನ ಮಾತು ಕೇಳೋದು ಕಲಿಸ್ದೆ" ಎಂದರು. ಮರುದಿನದಿಂದ ಬಾಯಲ್ಲಿ ಕಲ್ಲುಸಕ್ಕರೆಯ ತುಂಡು ಇಟ್ಟುಕೊಂಡು ನನ್ನ ಪಕ್ಕ ಕೂರತೊಡಗಿದರು, ಮಾತು ತಪ್ಪಿ ಹೊರಗೆ ಬರದಿರಲಿ ಎಂದು. ವರ್ಷವಿಡೀ ಹೀಗೇ. ಅವರ ಕೈ ಮಾತ್ರ ತೊಡೆಯ ಮೇಲೆ ಬರ್ಲಿ, ಬರ್ಲಿ ಎಂದು ತಾಳ ಹಾಕುತ್ತಿತ್ತು. ಅದನ್ನೂ ನೋಡದೆ ಇರಲು ನಾನು ಕಲಿತೆ. ಈಗ ಮೈದಾನದಲ್ಲಿ ನನ್ನ ಪಾಡಿಗೆ ನಾನು ಹಿಂದೆ ಬರಬಲ್ಲೆ. ಆದರೆ ಮೈದಾನದ ಅಂಚಿನಲ್ಲಿ ಸಮುದ್ರವಿಲ್ಲ.

ನಾಳೆ ಬೆಳಿಗ್ಗೆ ಮತ್ತೆ ಹೆಲ್ಲೋಯಕ್ಕೆ ಹೊರಟಿದ್ದೇನೆ. ಅದೇ ರಸ್ತೆ, ಅದೇ ಸಿಗ್ನೆ, ಕೊನೆಯ ಅವಕಾಶ. ಚೀಲ ಕಟ್ಟಿ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಈ ದಿಗಿಲಿನಲ್ಲಿ ನೆನಪಾಗುತ್ತಿರುವುದು ನಿಮ್ಮ ಮೂರು ಸಾಲು. ಗಾಡಿಯ ಕೀಲಿ ಕೈಯಲ್ಲಿ ಹಿಡಿದು, ಪಕ್ಕದ ಖಾಲಿ ಸೀಟು ನೋಡಿ ನೀವು ಇಳಿದುಬಿಟ್ಟಿರಿ. ನಮ್ಮ ಮನೆಯಲ್ಲಿ ಒಬ್ಬರಾದರೂ ಪರನಾಡಿನಲ್ಲಿ ಒಂಟಿಯಾಗಿ ಓಡಿಸಿದ್ದರು ಎಂಬ ಸುದ್ದಿ ನನಗೆ ಬೇಕಾಗಿದೆ, ಆಯಿ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಬಾಡಿಗೆಯವನು ಪರವಾನಗಿ ತಿರುಗಿಸಿ ನೋಡಿದರೆ ನೋಡಲಿ, ನೀವು ತಲೆ ತಗ್ಗಿಸಬೇಡಿ. ಬಲಕ್ಕೆ ಓಡಿಸಿ. ಮೊದಲ ದಿನ ಹತ್ತೇ ಕಿಲೋಮೀಟರ್ ಸಾಕು. ಓಡಿಸಿದ ಮೇಲೆ ಆ ಪುಸ್ತಕದ ಕೊನೆಯ ಪುಟದಲ್ಲಿ ಬೇರೆ ಏನಾದರೂ ಬರೆಯಿರಿ. ನಾಳೆ ಹೊಸ್ತಿಲು ದಾಟುವ ಮುನ್ನ ಡಬ್ಬಿ ತೆಗೆದು ನೋಡುತ್ತೇನೆ.

ಎದುರಿಗೆ ದೊಡ್ಡ ಗಾಡಿ ಬಂದು ಹಿಂದೆ ಹೋಗಬೇಕಾಗಿ ಬಂದರೆ ಹೆದರಬೇಡಿ. ಇದು ಇಮಾಮಸಾಬರಿಗೆ ಗೊತ್ತಾದರೆ ನನ್ನನ್ನು ಬೈದಾರು, ಆದರೂ ಬರೆಯುತ್ತೇನೆ. ನಾ ಬಾಜೂಕ ಕುಂತೀನಿ, ಆಯಿ. ಕನ್ನಡಿ ನೋಡ್ರಿ. ಜಾಗ ಭಾಳ ಅದ. ಬರ್ಲಿ, ಬರ್ಲಿ, ಇನ್ನೂ ಬರ್ಲಿ.

ನಿಮ್ಮ ಮನೆಯ ಹುಡುಗಿ,
ಶಾಲ್ಮಲಾ