ಕೈಗವಸು ಇನ್ನೂ ಯಂತ್ರದಲ್ಲೇ ಇದೆ

ಕಾರ್ಖಾನೆಗಳ ಸುರಕ್ಷತಾ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ, ನಿಮ್ಮ ಇಲಾಖೆಯ ಆದೇಶದಂತೆ ಕೈಗವಸು ಹಾಕಿಕೊಂಡದ್ದರಿಂದ ನನ್ನ ನಾದಿನಿ ಎಡಗೈಯ ಎರಡು ಬೆರಳು ಕಳೆದುಕೊಂಡಳು. ಅವಳು ಕೈಗವಸು ಹಾಕಿಕೊಂಡಿದ್ದಳು ಎಂಬುದನ್ನೇ ಆಧಾರ ಮಾಡಿಕೊಂಡು ನಿಮ್ಮ ಇಲಾಖೆ, ಸುರಕ್ಷತೆಯಲ್ಲಿ ಯಾವ ಲೋಪವೂ ಆಗಿಲ್ಲ, ಆದದ್ದೆಲ್ಲ ಅವಳ ಗಾಬರಿಯಿಂದ ಎಂದು ತೀರ್ಮಾನಿಸಿದೆ. ಇನ್ನು ಮುಂದೆ ಅವಳು ಕರೆಂಟಿನ ಯಾವ ಯಂತ್ರದ ಮುಂದೆಯೂ ನಿಲ್ಲಕೂಡದು ಎಂದೂ ಅಪ್ಪಣೆ ಮಾಡಿದೆ. ವಿಷಯ ಇಷ್ಟೇ. ನಿಮಗೆ ಬಿಡುವಿರುವುದಿಲ್ಲ, ಇಲ್ಲಿಗೇ ಓದುವುದನ್ನು ನಿಲ್ಲಿಸಿದರೂ ನನಗೆ ಬೇಜಾರಿಲ್ಲ. ಖಾಸಗಿಯಾಗಿ ಬರೆದ ಅರ್ಜಿಗಳಿಗೆ ನಿಮ್ಮ ಕಚೇರಿ "ಸ್ವೀಕರಿಸಲಾಗಿದೆ" ಎಂದು ಮುದ್ರೆ ಒತ್ತಿ ನನಗೇ ಹಿಂತಿರುಗಿಸಿದ ಮೇಲೆ, ಈ ಸಲ ಊರಿನವರೆಲ್ಲರೂ ಸ್ವೀಕರಿಸಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಕಬ್ಬಿಣ ಕೆತ್ತುವ ಮಿಲ್ಲಿಂಗ್ ಮೆಷಿನ್ ಓಡಿಸುವವಳು. ನಾದಿನಿ, ಅಂದರೆ ನನ್ನ ಗಂಡನ ತಂಗಿ, ನನ್ನ ಪಕ್ಕದಲ್ಲೇ ಡ್ರಿಲ್ಲಿಂಗ್ ಮೆಷಿನ್ ಓಡಿಸುತ್ತಿದ್ದಳು. ನಮ್ಮದು ತಗಡಿನ ಸೂರಿನ ಚಿಕ್ಕ ವರ್ಕ್‌ಶಾಪ್. ಪಂಪು, ಗೇಟು, ಹೊಲಿಗೆ ಯಂತ್ರಗಳ ಬಿಡಿಭಾಗ ಮಾಡಿಕೊಡುತ್ತೇವೆ. ಎಣ್ಣೆ ಕುಡಿದು ಕಪ್ಪಾದ ನೆಲ, ಬಾಗಿಲ ಪಕ್ಕ ಕೈ ತೊಳೆಯುವ ತೊಟ್ಟಿ, ಅದರ ಮೇಲೊಂದು ಒಡಕು ಕನ್ನಡಿ. ನಾದಿನಿಯನ್ನು ಅಲ್ಲಿ ಎಲ್ಲರೂ ಕರೆಯುವುದು "ಸೂಜಿ" ಎಂದು. ಅವಳು ಹಾಕಿದ ತೂತು ಗುರುತು ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗುವುದಿಲ್ಲ ಎಂಬುದಕ್ಕೆ ಆ ಹೆಸರು ಎಂದು ವರ್ಕ್‌ಶಾಪಿನ ಯಜಮಾನರು ಹೇಳುತ್ತಾರೆ. ಅವಳ ಮಾತು ಚುಚ್ಚುತ್ತದೆ, ಅದಕ್ಕೆ ಎಂದು ಉಳಿದವರು ಹೇಳುತ್ತಾರೆ. ಎರಡೂ ನಿಜ.

ನಮ್ಮಲ್ಲಿ ಕೆಲವು ಪದ್ಧತಿಗಳಿವೆ. ಯಾವ ಸುತ್ತೋಲೆಯೂ ಬರುವ ಮೊದಲಿನಿಂದ ಇವೆ. ಬೆಳಿಗ್ಗೆ ಮನೆ ಬಿಡುವ ಮುಂಚೆ ನಾದಿನಿ ನನ್ನ ಜಡೆ ಹೆಣೆದು, ಸುತ್ತಿ, ಟೋಪಿಯೊಳಗೆ ಸೇರಿಸುತ್ತಾಳೆ. ಆಮೇಲೆ ನಾನು ಅವಳದನ್ನು. ತಲೆ ನೋಯುವಷ್ಟು ಬಿಗಿಯಾಗಿ ಹೆಣೆಯುತ್ತಾಳೆ, ಗೊಣಗಿದರೆ "ಮೆಷಿನ್ ಎಳೆದ್ರೆ ಇದಕ್ಕಿಂತ ಜಾಸ್ತಿ ನೋಯುತ್ತೆ ಅತ್ತಿಗೆ" ಎನ್ನುತ್ತಾಳೆ. ವರ್ಕ್‌ಶಾಪಿನ ಬಾಗಿಲಲ್ಲಿ ಉಂಗುರ, ಗಡಿಯಾರ ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇವೆ. ತೋಳು ಮೊಣಕೈಯಿಂದ ಮೇಲಕ್ಕೆ ಮಡಚುತ್ತೇವೆ. ಕಣ್ಣಿಗೆ ಕನ್ನಡಕ. ತೂತು ಹಾಕುವ ತುಂಡನ್ನು ಬರಿಗೈಯಲ್ಲಿ ಒತ್ತಿ ಹಿಡಿಯುವುದಿಲ್ಲ, ಇಕ್ಕಳದಂಥ ವೈಸ್‌ನ ಹಲ್ಲಿಗೆ ಕೊಟ್ಟು ಬಿಗಿಯುತ್ತೇವೆ. ತೂತು ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕನ್ನು ಬಿಗಿದ ಕೀ ತೆಗೆದು ಅದರ ಮೊಳೆಗೆ ನೇತುಹಾಕಿದ ಮೇಲೇ ಸ್ವಿಚ್ ಮುಟ್ಟುತ್ತೇವೆ. ಸುರುಳಿ ಸುರುಳಿಯಾಗಿ ಬರುವ ಕಬ್ಬಿಣದ ಚೂರನ್ನು ಯಂತ್ರ ಪೂರ್ತಿ ನಿಂತ ಮೇಲೆ ಬ್ರಷ್‌ನಲ್ಲಿ ಗುಡಿಸುತ್ತೇವೆ.

ಕೈಗವಸಿನ ಮೇಲೆ ನಮಗೇನೂ ಹಗೆಯಿಲ್ಲ ಸ್ವಾಮಿ. ನಾನು ಮಿಲ್ಲಿಂಗ್ ಮೆಷಿನ್ನಿನ ಕಟ್ಟರ್ ಬದಲಿಸುವಾಗ ದಪ್ಪ ಕೈಗವಸನ್ನೇ ಹಾಕುತ್ತೇನೆ, ಅದರ ಹಲ್ಲು ಅಷ್ಟು ಹರಿತ. ಆದರೆ ಆಗ ಯಂತ್ರ ನಿಂತಿರುತ್ತದೆ, ಪ್ಲಗ್ ಹೊರಗಿರುತ್ತದೆ. ಯಂತ್ರ ತಿರುಗತೊಡಗಿದ ಮೇಲೆ ಬಟ್ಟೆ, ದಾರ, ಕೂದಲು, ಕೈಗವಸು ಯಾವುದೂ ಅದರ ಹತ್ತಿರ ಹೋಗಕೂಡದು. ಬರಿಗೈ ತಗುಲಿದರೆ ಚರ್ಮ ಹರಿಯುತ್ತದೆ, ರಕ್ತ ಬರುತ್ತದೆ, ಬಹುಪಾಲು ಕೈ ಹಿಂದಕ್ಕೂ ಬರುತ್ತದೆ. ಬಟ್ಟೆ ಹರಿಯುವುದಿಲ್ಲ, ಸುತ್ತಿಕೊಳ್ಳುತ್ತದೆ, ಹೋಗುವಾಗ ಒಳಗಿದ್ದ ಕೈಯನ್ನೂ ಕರೆದುಕೊಂಡು ಹೋಗುತ್ತದೆ. ಇದರಲ್ಲಿ ಇದಕ್ಕಿಂತ ದೊಡ್ಡ ವಿಜ್ಞಾನವಿಲ್ಲ.

ಹೀಗಿರುವಾಗ ನಿಮ್ಮ ಫಲಕ ಬಂತು. "ಕೈಗವಸು ಧರಿಸದೆ ಯಾವುದೇ ಯಂತ್ರ ಚಲಾಯಿಸಬಾರದು." ಕೆಂಪು ಅಕ್ಷರ, ಪಕ್ಕದಲ್ಲಿ ನಗುತ್ತಿರುವ ಒಂದು ಕೈಯ ಚಿತ್ರ. ಜತೆಗೆ ಒಂದು ಕಟ್ಟು ಹತ್ತಿಯ ಕೈಗವಸು, ಎಲ್ಲವೂ ಒಂದೇ ಅಳತೆಯವು, ಯಾವುದೋ ಪೈಲ್ವಾನನ ಕೈ ನೋಡಿ ಹೊಲಿದಂಥವು. ನಾದಿನಿ ಹಾಕಿಕೊಂಡರೆ ಬೆರಳ ತುದಿಯಲ್ಲಿ ಇನ್ನೊಂದು ಗೆಣ್ಣಿನಷ್ಟು ಬಟ್ಟೆ ಜೋತಾಡುತ್ತಿತ್ತು. ಯಜಮಾನರು ಫಲಕವನ್ನು ಎರಡೆರಡು ಸಲ ಓದಿ, ತಲೆ ಕೆರೆದುಕೊಂಡು, ಡ್ರಿಲ್ಲಿಂಗ್ ಮೆಷಿನ್ನಿನ ಮೇಲಿನ ಗೋಡೆಗೆ ಹೊಡೆಸಿದರು. ಕೈಗವಸುಗಳನ್ನು ಮೇಜಿನ ಖಾನೆಯಲ್ಲಿಟ್ಟರು. ನೆಂಟರು ಬಂದಾಗ ಮಾತ್ರ ತೆಗೆಯುವ ಲೋಟಗಳಿರುತ್ತವಲ್ಲ, ಹಾಗೆ. ಅವಕ್ಕೆ "ನೆಂಟರ ಗ್ಲೌಸ್" ಎಂದೇ ಹೆಸರಾಯಿತು. ನಿಮ್ಮವರ ಜೀಪು ತಿರುವಿನಲ್ಲಿ ಕಂಡರೆ ಯಂತ್ರಗಳನ್ನು ನಿಲ್ಲಿಸಿ, ನೆಂಟರ ಗ್ಲೌಸ್ ತೊಟ್ಟು, ಈಗಷ್ಟೇ ಕೆಲಸ ಮುಗಿಸಿದವರ ಮುಖ ಮಾಡಿಕೊಂಡು ನಿಲ್ಲುತ್ತಿದ್ದೆವು. ನಿಮ್ಮವರು ಗೀಟು ಹಾಕಿಕೊಂಡು, ಟೀ ಕುಡಿದು ಹೋಗುತ್ತಿದ್ದರು. ಅವರು ನಮ್ಮನ್ನು ನಂಬಿದ್ದರು, ನಾವು ಅವರನ್ನು ನಂಬಿಸಿದ್ದೆವು, ಬೆರಳುಗಳೆಲ್ಲ ಕ್ಷೇಮವಾಗಿದ್ದವು. ಒಂದು ಆದೇಶ ಪಾಲನೆಯಾಗದೆ ಇದ್ದುದರಿಂದ ಇಷ್ಟು ಜನರಿಗೆ ಒಳ್ಳೆಯದಾದ ಉದಾಹರಣೆ ನಿಮ್ಮ ಇಲಾಖೆಯಲ್ಲಿ ಬೇರೆ ಇದೆಯೋ ಇಲ್ಲವೋ ನನಗೆ ತಿಳಿಯದು.

ನಡುವೆ ನಾವೂ ಒಂದು ಅರ್ಜಿ ಹಾಕಿದ್ದೆವು. ಆ ಡ್ರಿಲ್ಲಿಂಗ್ ಮೆಷಿನ್ ಹಳೆಯದು, ನಿಲ್ಲಿಸುವ ಗುಂಡಿ ಅದರ ಎಡಗಡೆ ಇದೆ. ಎಡಗೈ ಸಿಕ್ಕಿಕೊಂಡರೆ ಬಲಗೈಯನ್ನು ತಿರುಗುವ ಬಿಟ್ಟಿನ ಆಚೆಗೆ ಚಾಚಿ ಗುಂಡಿ ಒತ್ತಬೇಕು. ಹಾಗಾಗಿ ಕಾಲಲ್ಲಿ ಒತ್ತಿ ನಿಲ್ಲಿಸುವ ಸ್ವಿಚ್ ಕಡ್ಡಾಯ ಮಾಡಿ, ಆಗ ಯಜಮಾನರೂ ಹಾಕಿಸುತ್ತಾರೆ ಎಂದು ಕೇಳಿದೆವು. ನಿಮ್ಮ ಕಚೇರಿಯಿಂದ ಉತ್ತರ ಬಂತು: ಪ್ರಸ್ತುತ ಯೋಜನೆಯು ಕೈಗಳ ಸುರಕ್ಷತೆಗೆ ಸಂಬಂಧಿಸಿದ್ದು, ಕಾಲುಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಓದಿ ನಾದಿನಿ ಅಂದಳು, "ಸದ್ಯ, ತಲೆ ಯಾವ ವ್ಯಾಪ್ತಿಗೆ ಬರುತ್ತೆ ಅಂತ ಕೇಳಲಿಲ್ಲ ನಾವು."

ಆ ದಿನ ಬಂದ ತಪಾಸಣಾಧಿಕಾರಿ ಹೊಸಬರು. ಟೀ ಬೇಡ ಅಂದರು. ಆಗಲೇ ಯಜಮಾನರ ಮುಖದ ಕಳೆ ಇಳಿಯಿತು. ನೇರವಾಗಿ ಡ್ರಿಲ್ಲಿಂಗ್ ಮೆಷಿನ್ ಹತ್ತಿರ ಬಂದು, "ನಿಲ್ಲಿಸಿಟ್ಟೇ ತೋರಿಸ್ತೀರಲ್ಲ, ಓಡಿಸಿ ತೋರಿಸಿ" ಅಂದರು.

"ಓಡಿಸ್ತೀನಿ ಸಾರ್. ಗ್ಲೌಸ್ ತೆಗೀಲಾ?" ಅಂದಳು ನಾದಿನಿ.

"ಬೋರ್ಡ್ ಓದಿಲ್ವಾ?"

"ಓದಿದೀನಿ ಸಾರ್. ಅದಕ್ಕೇ ಕೇಳ್ತಿದೀನಿ."

ಯಜಮಾನರು ನಡುವೆ ಬಂದರು. "ಒಂದು ತೂತು ತಾನೆ? ಹಾಕ್ಕೊಂಡೇ ಹೊಡೆದುಬಿಡಮ್ಮ. ಅವರಿಗೂ ಬೇರೆ ಕಡೆ ಹೋಗೋದಿರುತ್ತೆ."

ಇಲ್ಲಿ ಒಂದು ಸಣ್ಣ ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. ನಿಮ್ಮ ಅಧಿಕಾರಿಯ ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ ಅಗಲವಾದ ನೀಲಿ ಪಟ್ಟಿಯಲ್ಲಿ ತೂಗುತ್ತಿತ್ತು. ನಾದಿನಿ ಸ್ವಿಚ್ ಹಾಕಲು ಕೈ ಎತ್ತಿದಾಗ ಅವರು ಆ ಪಟ್ಟಿಯನ್ನು ಮಡಚಿ, ಅಂಗಿಯ ಜೇಬಿಗೆ ತುರುಕಿ, ಜೇಬಿನ ಗುಂಡಿ ಹಾಕಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದರು. ಅಭ್ಯಾಸದ ಕೈ, ನೋಡಿದರೆ ಗೊತ್ತಾಗುತ್ತಿತ್ತು. ತಿಳಿದವರು ಬಂದಿದ್ದಾರೆ ಎಂದು ನನಗೆ ಒಂದು ಕ್ಷಣ ಸಂತೋಷವೂ ಆಯಿತು. ಈಗ ಕೇಳುತ್ತೇನೆ, ಆ ಪಟ್ಟಿಗೆ ಇರುವ ಅಪಾಯ ಕೈಗವಸಿಗೆ ಹೇಗೆ ಇರುವುದಿಲ್ಲ? ಯಂತ್ರವು ಪಟ್ಟಿಯನ್ನು ಕಂಡರೆ ಎಳೆದುಕೊಳ್ಳುತ್ತದೆ, ಇಲಾಖೆಯ ಕೈಗವಸು ಕಂಡರೆ ನಮಸ್ಕಾರ ಮಾಡಿ ದಾರಿ ಬಿಡುತ್ತದೆಯೇ?

ತೂತು ಅರ್ಧ ಇಳಿದಿತ್ತು. ಮೇಲೆದ್ದ ಕಬ್ಬಿಣದ ಸುರುಳಿ, ವೈಸ್ ಹಿಡಿದಿದ್ದ ಎಡಗೈಯ ಕೈಗವಸಿನ ಜೋತ ತುದಿಗೆ ಸಿಕ್ಕಿ, ಅದನ್ನು ಬಿಟ್ಟಿನ ಸುತ್ತ ಎಳೆದುಕೊಂಡಿತು. ಅಷ್ಟೇ. ಅವಳು ಕೂಗಲಿಲ್ಲ. "ಅತ್ತಿಗೆ" ಅಂದಳು, ಉಪ್ಪು ಕೊಡಿ ಅನ್ನುವಾಗ ಕರೆಯುವ ಹಾಗೆ. ನಾನು ತಿರುಗಿ ನೋಡಿದಾಗ ಅವಳ ಬಲಗೈ ಗುಂಡಿಯ ಕಡೆ ಚಾಚುತ್ತಿತ್ತು, ಮುಟ್ಟುತ್ತಿರಲಿಲ್ಲ. ನಾನು ಹಾರಿ ಗೋಡೆಯ ಪ್ಲಗ್ ಕಿತ್ತೆ. ಕೈಗವಸನ್ನು ಮಣಿಕಟ್ಟಿನ ಹತ್ತಿರ ಕತ್ತರಿಸಿ, ಚಕ್ಕನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಅವಳ ಕೈ ಬಿಡಿಸಿಕೊಂಡೆವು. ಆಸ್ಪತ್ರೆಯಲ್ಲಿ ತೋರುಬೆರಳು ಮತ್ತು ನಡುಬೆರಳನ್ನು ತೆಗೆದರು.

ಆಸ್ಪತ್ರೆಯ ಮೊಗಸಾಲೆಗೆ ನಿಮ್ಮ ಅಧಿಕಾರಿಯೂ ಬಂದಿದ್ದರು, ಅದನ್ನು ನಾನು ಮರೆತಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಕೂತು, ನೆಲ ನೋಡುತ್ತಾ, "ನನಗೂ ಗೊತ್ತಮ್ಮ. ಆದ್ರೆ ಸುತ್ತೋಲೇಲಿ ಹಾಗಿದೆ, ನಾನೇನ್ ಮಾಡ್ಲಿ?" ಅಂದರು.

"ಪಟ್ಟಿ ಜೇಬಿಗೆ ಹಾಕ್ಕೊಳ್ಳಿ ಅಂತ ಸುತ್ತೋಲೇಲಿ ಇತ್ತಾ ಸಾರ್?" ಅಂದೆ.

ಅವರು ಜೇಬಿನ ಗುಂಡಿ ಮುಟ್ಟಿ ನೋಡಿಕೊಂಡು ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಸಿಟ್ಟು ನಿಮ್ಮ ಮೇಲಿದೆ, ಏಕೆಂದರೆ ತಿಳಿದ ಮನುಷ್ಯನೊಬ್ಬ ತಿಳಿದದ್ದನ್ನು ಜೇಬಿಗೆ ಹಾಕಿಕೊಂಡು ಓಡಾಡುವಂತೆ ಮಾಡಿರುವುದು ನಿಮ್ಮ ಕಚೇರಿ.

ನಂತರ ವರದಿ ಬಂತು. ಗಾಬರಿಯಂತೆ. ಗಾಬರಿಯಾದವರು ಯಾರೆಂದು ಕೇಳಿದ್ದರೆ ಹೇಳುತ್ತಿದ್ದೆ. ಯಜಮಾನರು ಕುಸಿದು ಕೂತರು, ನಿಮ್ಮ ಅಧಿಕಾರಿ ಬಾಗಿಲಿಗೆ ಓಡಿದರು, ನಾನು ಕತ್ತರಿಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಯವರೆಗೆ ಹೋದೆ. ಆ ಜಾಗದಲ್ಲಿ ಗಾಬರಿಯಾಗದೆ ಇದ್ದವಳು ಅವಳೊಬ್ಬಳೇ. ವರದಿಯ ಹಿಂದೆಯೇ ಇನ್ನೊಂದು ಸುತ್ತೋಲೆ ಬಂತು: ಇತ್ತೀಚಿನ ಅಪಘಾತದ ಹಿನ್ನೆಲೆಯಲ್ಲಿ ಇನ್ನು ಮುಂದೆ ಮತ್ತಷ್ಟು ದಪ್ಪನೆಯ ಕೈಗವಸು ಬಳಸತಕ್ಕದ್ದು. ಇದನ್ನು ಓದಿ ನಾನು ನಗಲೂ ಇಲ್ಲ, ಅಳಲೂ ಇಲ್ಲ. ಮಡಚಿ ಬಿಸ್ಕತ್ತಿನ ಡಬ್ಬಿಯ ಕೆಳಗಿಟ್ಟೆ. ಇನ್ನೂ ಒಂದಿಬ್ಬರ ಬೆರಳು ಹೋದರೆ ನೀವು ಹಾಸಿಗೆಯನ್ನೇ ಕೈಗೆ ಸುತ್ತಿಕೊಳ್ಳಲು ಹೇಳುವಿರಿ ಎಂದು ಯಜಮಾನರು ಅಂದರು. ಆ ಮನುಷ್ಯ ಜೀವನದಲ್ಲಿ ಮೊದಲ ಸಲ ಸರ್ಕಾರದ ಬಗ್ಗೆ ಗಟ್ಟಿಯಾಗಿ ಮಾತಾಡಿದ್ದು ಅವತ್ತು.

ನಾದಿನಿ ಈಗ ಹಿಂದಿನ ಕೋಣೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ರಟ್ಟಿನ ಡಬ್ಬಿಗೆ ಟೇಪ್ ಅಂಟಿಸುತ್ತಾಳೆ. ನಾನು ಮೆಷಿನ್ ಓಡಿಸುವಾಗ ಆ ಕೋಣೆಯಿಂದ ಕೂಗುತ್ತಾಳೆ, "ಅತ್ತಿಗೆ, ಶಬ್ದ ಬದಲಾಯ್ತು, ಕಟ್ಟರ್ ಮೊಂಡಾಗಿದೆ ನೋಡಿ." ನೋಡಿದರೆ ಮೊಂಡಾಗಿರುತ್ತದೆ. ಮನೆಯಲ್ಲಿ ಅತ್ತೆ, ಕೂತು ಮಾಡುವ ಕೆಲಸ ಸಿಕ್ಕಿತಲ್ಲ, ಅಷ್ಟಾದರೂ ಒಳ್ಳೆಯದಾಯಿತು ಎಂದು ಸಮಾಧಾನ ಹೇಳಲು ಹೋದರು. ಅವಳು ತಟ್ಟೆ ಮುಂದೆ ಕೂತಿದ್ದವಳು ತಲೆ ಎತ್ತಿ ಅಂದಳು: "ಅಮ್ಮ, ಹೋಗಿದ್ದು ಎಡಗೈ ಬೆರಳು. ಬಿಟ್ ಇಳಿಸೋ ಲಿವರ್ ಎಳೆಯೋದು ಬಲಗೈ. ವೈಸ್ ಬಿಗಿಯೋಕೆ ಉಳಿದಿದ್ದು ಸಾಕು. ನನಗೆ ಕೂರೋ ಕೆಲಸ ಬೇಡ, ನನ್ನ ಕೆಲಸ ಬೇಕು." ಅವಳು ಹಾಗೆ ಕೇಳಿದ್ದು ಅದೊಂದೇ ಸಲ. ಅವಳು ಯಾವುದನ್ನೂ ಎರಡನೇ ಸಲ ಕೇಳುವವಳಲ್ಲ, ಅದಕ್ಕೇ ನಾನು ಕೇಳುತ್ತಿದ್ದೇನೆ.

ಬೆಳಿಗ್ಗೆ ಈಗಲೂ ನನ್ನ ಜಡೆ ಹೆಣೆಯುವುದು ಅವಳೇ. ಬೇಡ, ನಾನೇ ಹಾಕಿಕೊಳ್ಳುತ್ತೇನೆ ಎಂದು ಒಮ್ಮೆ ಅಂದು ಬೈಸಿಕೊಂಡೆ. ಎಡಗೈಯಿಂದ ಕೂದಲ ಎಳೆ ಜಾರುತ್ತದೆ, ಬಿಚ್ಚುತ್ತಾಳೆ, ಮೊದಲಿನಿಂದ ಹೆಣೆಯುತ್ತಾಳೆ. ಕೊನೆಯಲ್ಲಿ ಜಡೆಯನ್ನು ಜಗ್ಗಿ ನೋಡಿ, ಗಟ್ಟಿಯಿದೆ ಅನ್ನಿಸಿದ ಮೇಲೇ ನನ್ನನ್ನು ಬಿಡುತ್ತಾಳೆ. ನಿಮ್ಮ ಇಲಾಖೆ ಯಾರನ್ನು ಗಾಬರಿಬಿದ್ದವಳು ಎಂದು ಬರೆದಿದೆಯೋ ಅವಳು ಮಾಡುವ ತಪಾಸಣೆ ಇದು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಫಲಕ ತೆಗೆಸಿ, ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಕೂಡದು ಎಂದು ಬರೆಸಿ. ಆ ನಗುವ ಕೈಯ ಚಿತ್ರ ಬೇಕಾದರೆ ಇಟ್ಟುಕೊಳ್ಳಿ, ಬರಿಗೈಯಾಗಿರಲಿ. ಕಾಲಿನ ಸ್ವಿಚ್ಚನ್ನು ಯಾವುದಾದರೊಂದು ವ್ಯಾಪ್ತಿಗೆ ಸೇರಿಸಿ. ವರದಿಯಿಂದ ಗಾಬರಿ ಎಂಬ ಪದ ಹೊಡೆದುಹಾಕಿ, ನನ್ನ ನಾದಿನಿಯನ್ನು ಅವಳ ಯಂತ್ರದ ಮುಂದೆ ನಿಲ್ಲಲು ಬಿಡಿ.

ಇದಕ್ಕೆ ನೀವೇ ಒಮ್ಮೆ ಬರಬೇಕಾಗುತ್ತದೆ. ಏಕೆಂದರೆ ಆ ಡ್ರಿಲ್ಲಿಂಗ್ ಮೆಷಿನ್ನಿಗೆ ನಿಮ್ಮ ಇಲಾಖೆ ಸೀಲ್ ಹಾಕಿದೆ, ನಿಮ್ಮ ಸಹಿಯಿಲ್ಲದೆ ಯಾರೂ ಮುಟ್ಟುವಂತಿಲ್ಲ. ಅರ್ಧ ಕತ್ತರಿಸಿದ ಆ ಕೈಗವಸು ಇನ್ನೂ ಬಿಟ್ಟಿಗೆ ಸುತ್ತಿಕೊಂಡೇ ಇದೆ, ಅದರ ಸರಿಯಾಗಿ ಮೇಲೆ ನಿಮ್ಮ ಫಲಕವಿದೆ. ಸೀಲ್ ಹಾಕಲು ಬಂದವರು, ಸಾಕ್ಷ್ಯವು ಅಪಘಾತದ ಸಮಯದಲ್ಲಿದ್ದ ಸ್ಥಿತಿಯಲ್ಲೇ ಇರಬೇಕು ಎಂದು ಹೇಳಿ, ಯಂತ್ರದ ಗುಂಡಿಯನ್ನಷ್ಟೇ ಆರಿಸಿ, ನಾನು ಅಂದು ಕಿತ್ತಿದ್ದ ಪ್ಲಗ್ಗನ್ನು ಮತ್ತೆ ಗೋಡೆಗೆ ಸಿಕ್ಕಿಸಿ ಹೋಗಿದ್ದಾರೆ. ಬನ್ನಿ, ಸೀಲ್ ಒಡೆಯಿರಿ, ಆ ಕೈಗವಸನ್ನು ನಿಮ್ಮ ಕೈಯಾರೆ ಬಿಡಿಸಿ ತೆಗೆಯಿರಿ.

ಪತ್ರವನ್ನು ಕಳಿಸುವ ಮೊದಲು ನಾದಿನಿಗೆ ಓದಿ ಹೇಳಿದೆ. ನಿಮ್ಮನ್ನು ಇನ್ನೂ ನಾಲ್ಕು ಮಾತು ಬೈಯಲು ಹೇಳುತ್ತಾಳೆ ಅಂದುಕೊಂಡಿದ್ದೆ. ಟೇಪ್ ಅಂಟಿಸುತ್ತಲೇ ಕೇಳಿಸಿಕೊಂಡು, ಒಂದೇ ಮಾತು ಸೇರಿಸಲು ಹೇಳಿದಳು: "ಅವರು ಬಂದ್ರೆ, ಕೈ ಹಾಕೋಕೆ ಮುಂಚೆ ಪ್ಲಗ್ ಕೀಳೋಕೆ ಹೇಳಿ ಅತ್ತಿಗೆ. ಬರೀ ಗುಂಡಿ ಆರಿಸಿದ್ರೆ ಸಾಲದು. ಪಾಪ, ಅವರಿಗೆ ಯಾರೂ ಹೇಳಿರಲ್ಲ."

ಇಂತಿ,
ನಿಮ್ಮ ಸುತ್ತೋಲೆಯನ್ನು ಬರಿಗೈಯಲ್ಲೇ ಉಲ್ಲಂಘಿಸುತ್ತಾ, ಹತ್ತು ಬೆರಳೂ ಉಳಿಸಿಕೊಂಡಿರುವ
ಮಿಲ್ಲಿಂಗ್ ಮೆಷಿನ್ ಆಪರೇಟರ್ (ಸೂಜಿಯ ಅತ್ತಿಗೆ)